ಬೆಕ್ಕುಗಳ ಲೆಕ್ಕ

ತೆಮಾ ಬಂದರಿನ ಹಿಂದೆ, ಟ್ಯೂನಾ ಮೀನನ್ನು ಡಬ್ಬಿಗೆ ತುಂಬುವ ಕಾರ್ಖಾನೆಯಲ್ಲಿ
ಇಪ್ಪತ್ತಾರು ವರ್ಷ ಖರ್ಚಿನ ಪುಸ್ತಕ ಬರೆದವನು ನಾನು.
ಗೊತ್ತಿದ್ದದ್ದು ಇಷ್ಟೇ:
ಮೀನು ಆಸ್ತಿ, ಡಬ್ಬಿ ಆಸ್ತಿ, ಆವಿಯ ಒಲೆ ಆಸ್ತಿ,
ಹೆಂಗಸರು ಖರ್ಚು.

ಮೂರು ತಿಂಗಳ ಕರಾರು, ಮುಗಿಯಿತೆಂದರೆ ಹೊಸ ಮುಖ.
ಬೆಂದ ಮೀನಿನ ಬೆನ್ನು ಬಿಡಿಸುವ ಕೆಲಸ ಕೈಗೆ ಹತ್ತಲು
ಎಂಟು ತಿಂಗಳು.
ಈ ಎರಡು ಅಂಕಿಗಳನ್ನೂ ಬರೆದವನು ನಾನೇ,
ಬೇರೆ ಬೇರೆ ಪುಟದಲ್ಲಿ;
ಅವು ಒಂದರ ಮುಖ ಒಂದು ನೋಡಿರಲಿಲ್ಲ.

ಆಮೇಲೆ ಸಿಬ್ಬಂದಿ ವಿಭಾಗಕ್ಕೆ ಎಬೋ ಕ್ವೈನೂ ಬಂದ.
ಸಣಕಲು ಆಳು, ಕೆಟ್ಟ ಹಳದಿ ಟೈ.
ಕುರ್ಚಿಯಲ್ಲಿ ಕೂರದೆ, ಬಿಡಿಸುವ ಮೇಜಿನ ತುದಿಯಲ್ಲಿ ವಾರವಿಡೀ ನಿಂತ.
ಸುಮ್ಮನೆ ಯಾಕೆ ನಿಂತೆ ಅಂತ ಕೊರ್ಕೊರ್ ಲ್ಯಾಂಪ್ಟಿ
ಅವನ ಕೈಗೂ ಒಂದು ಚಾಕು ಕೊಟ್ಟಳಂತೆ.

ಬೋರ್ಡಿನ ಮುಂದೆ ಒಂದೇ ಪ್ರಶ್ನೆ ಕೇಳಿದ:
ನಾವು ಗೆಲ್ಲುವುದು ಅಗ್ಗದ ಬೆಲೆಯಿಂದಲೋ, ಚೊಕ್ಕ ಮಾಂಸದಿಂದಲೋ?
ಚೊಕ್ಕ ಮಾಂಸದಿಂದ, ಅಂದರು.
ಹಾಗಾದರೆ ಕೈ ಬದಲಾಯಿಸುತ್ತ ಕೂತರೆ ಹೇಗೆ?
ಕಾಯಂ ಕೆಲಸ ಕೇಳಿದ. ಗೇಟಿನ ಪಕ್ಕ ಕೂಸಿನ ಮನೆ ಕೇಳಿದ.
ಬಲ್ಲವಳು ಇಬ್ಬರಿಗೆ ಕಲಿಸಲಿ, ಆ ಗಂಟೆಗೂ ಕೂಲಿ ಇರಲಿ ಅಂದ.
ಮೂರನ್ನೂ ಕೆಂಪು ಶಾಯಿಯಲ್ಲಿ ಬರೆದುಕೊಂಡೆ.

ಮೊದಲ ವರ್ಷ ಲಾಭ ಇಳಿಯಿತು.
ನನಗೆ ಖುಷಿಯಾಯಿತು. ಈಗ ಹೇಳಲು ನಾಚಿಕೆ.
ಎರಡನೆಯ ವರ್ಷವೂ ಅಷ್ಟಕ್ಕಷ್ಟೆ.
ಟೈ ಅದೇ.

ಮೂರನೆಯ ವರ್ಷ, ಹರ್ಮಟಾನ್ ಗಾಳಿ ಧೂಳು ತರುವ ಜನವರಿಯಲ್ಲಿ,
ಹಿತ್ತಲ ತೊಟ್ಟಿಯ ಬೆಕ್ಕುಗಳು ಬಡವಾಗಿದ್ದವು.
ಗುಡಾಣದಂಥ ಹೊಟ್ಟೆ ಹೊತ್ತು ಬಿಸಿಲಿಗೆ ಬಿದ್ದಿರುತ್ತಿದ್ದವು ಅವು,
ನನ್ನನ್ನು ಕಂಡರೆ ಕಣ್ಣೂ ತೆರೆಯದ ಸೊಕ್ಕಿನವು.
ಈಗ ಕಾಲಿಗೆ ಸುತ್ತಿ ಅಳುತ್ತಿವೆ.
ತೊಟ್ಟಿಗೆ ಬಗ್ಗಿ ಒಂದು ಮೂಳೆಗೂಡು ಎತ್ತಿದೆ,
ಸೂರ್ಯನಿಗೆ ಹಿಡಿದೆ:
ಬಾಚಣಿಗೆ. ಹಲ್ಲುಗಳ ನಡುವೆ
ಬರೀ ಬೆಳಕು.

ಆ ಸಂಜೆ ಎರಡೂ ಪುಟಗಳನ್ನು ಹರಿದು ಪಕ್ಕಪಕ್ಕ ಇಟ್ಟೆ.
ನೂರು ಕಿಲೋ ಮೀನಿಗೆ ಮೂರು ಕಿಲೋ ಹೆಚ್ಚು ಡಬ್ಬಿ ಸೇರುತ್ತಿತ್ತು.
ಇಷ್ಟು ವರ್ಷ ಆ ಮೂರು ಕಿಲೋ
ಬೆಕ್ಕುಗಳ ಸಂಬಳ.

ಅಕ್ರಾದಿಂದ ಬಂದ ಲೆಕ್ಕ ಪರಿಶೋಧಕಿ ಬಿಡಲಿಲ್ಲ:
ಕೂಸಿನ ಮನೆಯಿಂದ ಲಾಭವೋ,
ಲಾಭ ಬರುವ ಕಂಪನಿಗೇ ಕೂಸಿನ ಮನೆ ಕಟ್ಟುವ ಧೈರ್ಯವೋ?
ಈ ವರ್ಷ ಮೀನೂ ದಪ್ಪಗಿತ್ತಲ್ಲ, ಕಡಲಿನ ಪಾಲೆಷ್ಟು?
ಬೀಜವೋ ಮರವೋ. ಒಳ್ಳೆಯ ಪ್ರಶ್ನೆಯೇ.
ಎಬೋ ಟೈ ಸಡಿಲಿಸಿ, ಗೊತ್ತಿಲ್ಲ ಮೇಡಂ ಅಂದ,
ಕಡಲಿಗೂ ಒಂದು ಪಾಲು ಬರೆದುಕೊಳ್ಳಿ.
ನಾನು ಬಾಯಿಬಿಡಲಿಲ್ಲ. ಜೇಬಿನಲ್ಲಿತ್ತು ಮೂಳೆ.

ಕೊರ್ಕೊರಳ ಕೈಯನ್ನು ಯಾವ ಕಾಲಮ್ಮಿಗೆ ಬರೆಯುವುದೋ
ಇವತ್ತಿಗೂ ತಿಳಿಯದು.
ನಿವೃತ್ತಿಗೆ ಹನ್ನೊಂದು ದಿನ.
ಬೆಕ್ಕುಗಳು ಜಾಗ ಬದಲಿಸಿವೆ:
ಕೂಸಿನ ಮನೆಯ ಮೆಟ್ಟಿಲ ಮೇಲೆ, ಮಕ್ಕಳು ಚೆಲ್ಲಿದ ಜೋಳದ ಗಂಜಿ ನೆಕ್ಕುತ್ತ
ಮತ್ತೆ ದಪ್ಪಗಾಗುತ್ತಿವೆ.
ನೋಡಿದ್ದೇನೆ.
ಬರೆದಿಲ್ಲ.