ನೀಲಿಕಲ್ಲಿನ ನೂಲು

ಕೋಡಿಬಾಗದ ಲ್ಯಾಬಿನ ಹಿಂದಿನ ಕೋಣೆ.
ನೆಲದ ಮೇಲೆ ಲಾರಿ ಟ್ಯೂಬು, ಟ್ಯೂಬಿನ ಮೇಲೆ ಕಡಪ ಕಲ್ಲು,
ಕಲ್ಲಿನ ಮೇಲೆ ನಮ್ಮ ಯಂತ್ರ,
ನಡುಕ ತಾಗದಿರಲಿ ಎಂದು.
ಟ್ಯೂಬು ಕೊಟ್ಟವ ಬೈತಖೋಲದ ಪಂಕ್ಚರ್ ಅಂಗಡಿಯ ಇನಾಸ.
ಗಾಳಿ ಇಳಿದಾಗಲೆಲ್ಲ ಬಂದು ಪಂಪು ಹೊಡೆದು
ಕಣ್ಣು ಕಿರಿದು ಮಾಡಿ ಕೇಳುತ್ತಾನೆ:
"ಇವತ್ತಾದರೂ ಏನಾದರೂ ಕಂಡಿತೊ?"

ಕಾಣುವುದಲ್ಲ ಇನಾಸ, ಮುಟ್ಟುವುದು.
ಒಂದು ಪುಟ್ಟ ಹಲಗೆ, ಕೂದಲಿಗಿಂತ ತೆಳು,
ಅದರ ತುದಿಗೊಂದು ಮೊನೆ,
ಮೊನೆಯ ತುತ್ತತುದಿಯಲ್ಲಿ ಎಣಿಸಿದರೆ ಕೆಲವೇ ಅಣು.
ಹಲಗೆ ಬಾಗಿದರೆ ಅದರ ಬೆನ್ನ ಮೇಲಿನ ಕೆಂಪು ಬೆಳಕು ಜಾರುತ್ತದೆ;
ಜಾರಿದ್ದನ್ನು ಅಳೆದು ನಾವು ತಗ್ಗು ಉಬ್ಬು ಬರೆಯುತ್ತೇವೆ,
ಸಾಲಿನ ಪಕ್ಕ ಸಾಲು,
ನಾಟಿಯ ಹೆಂಗಸರು ಹಿಂದೆ ಹಿಂದೆ ಸರಿದ ಹಾಗೆ.

ಈ ಸಲ ಬೇಕಾದದ್ದು ಚಿತ್ರವಲ್ಲ, ಹಿಡಿತ.
ಬಂಡೆ ಕಚ್ಚಿದ ನೀಲಿಕಲ್ಲು
ಉಪ್ಪುನೀರಲ್ಲೂ ಬಿಡದ ಆ ಅಂಟು.
ಅದರ ಒಂದೇ ಅಣುವನ್ನು ಮೊನೆಗೆ ಕಟ್ಟಿ
ಇಳಿಸುವುದು, ತಾಗಿಸುವುದು, ಎತ್ತುವುದು.
ಬಿಡುವ ಗಳಿಗೆಗೆ ಗ್ರಾಫು
ಮೆಟ್ಟಿಲು ತಪ್ಪಿದವನಂತೆ ಬೀಳುತ್ತದೆ.
ಬಿದ್ದ ಎತ್ತರವೇ ಹಿಡಿತದ ಲೆಕ್ಕ:
ಒಂದು ನ್ಯಾನೋನ್ಯೂಟನ್ನಿಗೂ ಕಡಿಮೆ.
ಸೊಳ್ಳೆಯ ಕಾಲು ಇದರ ಮುಂದೆ ಆನೆ ಹೆಜ್ಜೆ.

ಇದನ್ನೆಲ್ಲ ಶೇವಂತಿ ತಾಂಡೇಲಳಿಗೆ ಹೇಳಿದೆ,
ನೀಲಿಕಲ್ಲು ತಂದುಕೊಡುವವಳು ಅವಳೇ.
ಇಳಿತದ ಹೊತ್ತಿಗೆ ಸೊಂಟದುದ್ದ ನೀರು,
ಒಂದು ಕಬ್ಬಿಣದ ಪಟ್ಟಿ, ಒಂದು ಬಲೆ ಚೀಲ.
ಅಂಗೈ ತುಂಬ ಗೀರು, ಹಳೆಯದರ ಮೇಲೆ ಹೊಸದು;
ಇಂಥ ಮೇಲ್ಮೈ ಸಿಕ್ಕರೆ ನನ್ನ ಮೊನೆ ಮುರಿದೇ ಹೋದೀತು.
"ಇಷ್ಟು ಮಾಡಿ ಸಿಗುವುದೆಂತ?" ಎಂದಳು.
ಎರಡು ಪತ್ರ ನೆನಪಾದವು.
ಹಡಗಿನ ತಳಕ್ಕೆ ಏನೂ ಅಂಟದ ಬಣ್ಣ ಬೇಕು, ಒಬ್ಬರಿಗೆ.
ಒದ್ದೆ ಗಾಯವನ್ನು ಹೊಲಿಗೆಯಿಲ್ಲದೆ ಕೂಡಿಸುವ ಅಂಟು ಬೇಕು, ಇನ್ನೊಬ್ಬರಿಗೆ.
ಅಂಟಬೇಡ, ಅಂಟು: ಒಂದೇ ಚಿಪ್ಪಿಗೆ ಎರಡು ಅರ್ಜಿ.
ಅವಳು ನಕ್ಕಳು. "ಮೂರನೇದು ನನ್ನದು ಬರ್ಕೊ.
ಸಲೀಸಾಗಿ ಕಿತ್ತು ಬರಲಿ. ಡಜನಿಗೆ ಹತ್ತು ರೂಪಾಯಿ ಹೆಚ್ಚು ಸಿಗಲಿ."

ಚೀಲ ಕೊಡವುತ್ತ ಮತ್ತೆ ಕೇಳಿದಳು,
"ನೀ ನೆಟ್ಟಗೆ ಮೇಲಕ್ಕೇ ಎಳೀತಿಯೊ?"
ಹೌದು ಅಂದೆ.
"ಹಾಗೆ ಎಳೆದರೆ ಬಂಡೆಯೇ ಬರಬೇಕು.
ತೆರೆ ಹಿಂದೆ ಸರಿವಾಗ ಅದು ಒಂದು ಉಸಿರಿನಷ್ಟು ಸಡಿಲ ಬಿಡ್ತದೆ.
ಆಗ ಅಡ್ಡ ತಿರುಚು."
ಬಿಡ್ತದೋ ಇಲ್ಲವೋ, ನಾನು ಎಲ್ಲೂ ಓದಿಲ್ಲ.
ನೋಟ್‌ಬುಕ್ಕಿನ ಅಂಚಿನಲ್ಲಿ ಬರೆದಿಟ್ಟೆ:
ಅಡ್ಡ. ತೆರೆ ಸರಿವಾಗ. ಶೇ. ತಾಂ.

ಜೂನ್ ಬಂತು. ಬೋಟುಗಳೆಲ್ಲ ದಡಕ್ಕೆ.
ಉಸಿರಾಡುವ ಗಾಳಿಯೇ ನೀರು.
ಮೊನೆಗೂ ಅಭ್ರಕದ ಹಾಳೆಗೂ ನಡುವೆ
ಕಾಣದ ಹನಿಯೊಂದು ತಾನೇ ಹುಟ್ಟಿ ಜಗ್ಗುತ್ತದೆ,
ಅಂಟೇ ಇಲ್ಲದ ಕಡೆ ಅಂಟು ತೋರಿಸುತ್ತದೆ.
ಮೂರು ವಾರದ ಅಂಕಿ ಕಸದ ಬುಟ್ಟಿಗೆ.
ಕೊನೆಗೆ ಮೊನೆಯನ್ನೂ ನೂಲನ್ನೂ
ನೀರಿನೊಳಗೇ ಮುಳುಗಿಸಿದೆವು, ಹನಿಯ ಕಾಟ ತಪ್ಪಿತು.

ರಾತ್ರಿ ಎರಡಕ್ಕೆ ಚಿತ್ರವೊಂದು ಮೂಡಿತು.
ಚಿಪ್ಪು ನೂತ ನೂಲಿನ ಹರಳುಹರಳು ಚರ್ಮ,
ಅದರ ಮೇಲೆ ಅಡ್ಡಡ್ಡ
ಮಸುಕು ಪಟ್ಟಿ, ಪಟ್ಟಿ, ಪಟ್ಟಿ.
ಫ್ಯಾನು ನಿಲ್ಲಿಸಿದೆ. ಫ್ರಿಜ್ಜಿನ ವೈರು ಕಿತ್ತೆ.
ಉಸಿರು ಹಿಡಿದು ಕೂತೆ.
ಪಟ್ಟಿ ಹೋಗಲಿಲ್ಲ.
ಗಡಿಯಾರ ನೋಡಿ ಎಣಿಸಿದೆ: ಒಂಬತ್ತು ಸೆಕೆಂಡಿಗೊಂದು.
ಕಿಟಕಿ ತೆಗೆದೆ.
ಕತ್ತಲಲ್ಲಿ ಕಡಲು ದಡಕ್ಕೆ ಬಡಿಯುತ್ತಿತ್ತು,
ಒಂಬತ್ತು ಸೆಕೆಂಡಿಗೊಂದು.
ಇನಾಸನ ಟ್ಯೂಬು ಹೆದ್ದಾರಿಯ ಲಾರಿಗಳನ್ನು ತಡೆದಿತ್ತು,
ಪಕ್ಕದ ಕೋಣೆಯ ಬಾಗಿಲನ್ನೂ ತಡೆದಿತ್ತು.
ಇದು ಅದರ ಕೈಮೀರಿದ್ದು.

ಪಟ್ಟಿ ಅಳಿಸಲು ಸಾಫ್ಟ್‌ವೇರಿನಲ್ಲಿ ಒಂದು ಗುಂಡಿ ಇದೆ.
ಪ್ರಬಂಧಕ್ಕೆ ಕಳಿಸಿದ ಪ್ರತಿಯಲ್ಲಿ ಒತ್ತಿದೆ.
ಶೇವಂತಿಗೆ ತೋರಿಸಿದ್ದರಲ್ಲಿ ಒತ್ತಲಿಲ್ಲ.
ಅವಳು ಹಾಳೆಯನ್ನು ತಲೆಕೆಳಗಾಗಿ ಹಿಡಿದು
ತುಂಬ ಹೊತ್ತು ನೋಡಿದಳು.
ನೂಲಿನ ಗುರುತು ಸಿಗಲಿಲ್ಲ.
ಪಟ್ಟಿಯ ಮೇಲೆ ಬೆರಳಿಟ್ಟು,
"ಇದು ಗೊತ್ತು" ಎಂದಳು.