ಆರು ತಿಂಗಳು

ಆರು ತಿಂಗಳೊಳಗೆ ಸಾಯುತ್ತಾನೆಂದು
ಡಾಕ್ಟರು ಬರೆದುಕೊಟ್ಟರೆ ಮಾತ್ರ ಬಿಡುತ್ತಾರಂತೆ.
"ಏಳೆಂಟೂ ಆಗಬಹುದು, ವರ್ಡೆಲ್" ಅಂದರು, ಒಳ್ಳೆಯ ಮನುಷ್ಯ.
ತಮ್ಮನ ಆಯುಸ್ಸಿನಲ್ಲಿ ಎರಡು ತಿಂಗಳು
ಚೌಕಾಶಿ ಮಾಡಿ ಇಳಿಸಿಕೊಂಡು ಬಂದೆ,
ಮಿಸಿಸಿಪ್ಪಿ ದಂಡೆಯ ಸಂತೆಯಲ್ಲಿ ಬೆಂಡೆಕಾಯಿ ಕೊಳ್ಳುವ ಹಾಗೆ.

ಹೊರಬಂದರೆ ಸಮಾಜಕ್ಕೆ ಅಪಾಯವೇ?
ಫಾರಮ್ಮಿನ ಹನ್ನೊಂದನೇ ಪ್ರಶ್ನೆ.
ಕಾಲು ಎಷ್ಟು ಸಣಕಲಾಗಿದೆಯೆಂದರೆ
ಮಂಚಕ್ಕೆ ಬಿಗಿದ ಸಂಕೋಲೆ ತಾನೇ ಜಾರಿ ಬೀಳುತ್ತದೆ;
ಕಾವಲಿನ ಹುಡುಗ ಟವೆಲು ಸುತ್ತಿ ಮತ್ತೆ ಬಿಗಿಯುತ್ತಾನೆ,
"ಕ್ಷಮಿಸಿ, ಮಿಸ್ಟರ್ ಲೂಷಿಯಸ್" ಅನ್ನುತ್ತಾನೆ.
ಇಷ್ಟು ಬರೆಯಲು ಅಲ್ಲಿ
ಒಂದೇ ಗೆರೆಯ ಜಾಗ.

ಗಾಲಿಕುರ್ಚಿಗೆ ನಮ್ಮ ಬಾಗಿಲು ಎರಡಂಗುಲ ಕಿರಿದು.
ನಿನ್ನೆಯಿಂದ ಚೌಕಟ್ಟು ಹೆರೆಯುತ್ತಿದ್ದೇನೆ.
"ಯಾರಾದರೂ ಬರುವವರಿದ್ದಾರಾ?"
ಪೋಸ್ಟಿನವನು ನಿಂತು ಕೇಳಿದ.
ನಿನ್ನ ಚೀಲದೊಳಗೆ ನೋಡಿ
ನೀನೇ ಹೇಳಪ್ಪ, ಅಂದೆ.