ಹಳ್ಳದ ಮ್ಯಾಲಿನ ಕೊಟ್ಟಿಗಿ

ಎತ್ತಿಗೆ ನೀರು ಕಾಣಬಾರದು,
ಕಂಡರ ಹೆಜ್ಜಿ ಕೀಳೂದಿಲ್ಲ ಅಂತ
ಮೌನಪ್ಪ ಬಡಿಗೇರ ಬೆಣ್ಣಿಹಳ್ಳಕ್ಕ
ಸಾಗವಾನಿ ಹಲಗಿ ಹಾಸಿ,
ಎರಡೂ ಮಗ್ಗಲಿಗೆ ಕಟ್ಟಿಗಿ ಗ್ವಾಡಿ ನಿಲ್ಲಿಸಿ
ಮ್ಯಾಲೆ ಹೆಂಚು ಹೊದಿಸಿದ.

ಎತ್ತು ತಿಳೀತು, ಇದು ಕೊಟ್ಟಿಗಿ.
ಒಳಗ ಕತ್ತಲಿ, ಸೆಗಣಿ ವಾಸನಿ,
ಬಿರುಕಿನಾಗ ಬಿಸಲಿನ ಒಂದು ಎಳಿ.
ಗೊರಸಿನ ಕೆಳಗ ಎರಿ ಮಣ್ಣಿನ ನೀರು
ಯಾರದೋ ಹತ್ತಿಹೊಲ ಹೊತಗೊಂಡು ಓಡತಿದ್ದರೂ
ಮೆಲಕ ಹಾಕ್ಕೋತ ದಾಟಿ ಹೋತು.

ಈಗ ಯಾವಗಲ್ಲಿನ ದಾರಿಗೆ ಸಿಮೆಂಟಿನ ಪೂಲು.
ಟ್ರ್ಯಾಕ್ಟರಿಗೆ ನೀರಿನ ಅಂಜಿಕಿ ಇಲ್ಲ.

ಮೊನ್ನೆ ಸರ್ವೇದವರು ಬಂದು
ಹಲಗಿಗೊಂದು ನಂಬರ ಸುಣ್ಣದಾಗ ಬರದು ಹ್ವಾದರು.
ಒಟ್ಟು ಇನ್ನೂರಾ ಹದಿನಾಕು.
ನೀಲಾಂವಿಗೆ ಕೊಡತಾರಂತ, ಕಟ್ಟಿಗಿ ಲೆಕ್ಕದಾಗ.

ಮೂವತ್ತೊಂದನೇದು ನನ್ನದು.
ಅವ್ವನ ಚಕ್ಕಡಿ ಅದರ ಮ್ಯಾಲೆ ಬಂದಾಗ
ನಾ ತಡೀಲಿಲ್ಲ.
ಸೂಲಗಿತ್ತಿ ಮಾಬೂಬಿ ಕಂದೀಲು ಹಿಡದಿದ್ದಳು,
ಕೌಲೆತ್ತು ತಾನಾಗೇ ನಿಂತು
ಮೇವು ಹಾಕ್ಯಾರೇನಂತ ಮೂಸಿ ನೋಡತಿತ್ತು.

ಹಳ್ಳ ಅವತ್ತು ಹಲಗಿಗೆ
ಮೂರು ಬೆರಳು ಕೆಳಗಿತ್ತಂತ.
ಅವ್ವಗ ಯಾರೂ ಹೇಳಲಿಲ್ಲ.

ಎತ್ತಿಗೂ.